ನೇಗಿಲಿನ ಬಾಗು: ಲಕ್ಷ್ಮಣರಾವ್ ಕಿರ್ಲೋಸ್ಕರರ ಕತೆ

ಫಸ್ಟ್ ಇಯರ್ ವರ್ಕ್‌ಶಾಪ್ ಅಂದ್ರೆ ನಮಗೆಲ್ಲ ನೆನಪಿರೋದು ಎರಡೇ. ಫಿಟ್ಟಿಂಗ್ ಸೆಕ್ಷನ್‌ನಲ್ಲಿ ಅರ ಉಜ್ಜಿ ಉಜ್ಜಿ ಕೈ ನೊಂದಿದ್ದು, ಕಾರ್ಪೆಂಟ್ರಿಯಲ್ಲಿ ಜಾಯಿಂಟ್ ಸರಿಯಾಗಿ ಕೂರದೆ ಬೈಸಿಕೊಂಡಿದ್ದು. ನನಗೆ ಮೂರನೆಯದೂ ಒಂದು ನೆನಪಿದೆ. ಕೆಲಸ ಬೇಗ ಮುಗಿದ ಒಂದು ದಿನ ಟೂಲ್ ರೂಮಿನ ಮೂಲೆಯಲ್ಲಿ ಎರಡೂ ಕಡೆ ಹಿಡಿಕೆ ಇರುವ, ನಡುವೆ ಸಣ್ಣ ಬ್ಲೇಡ್ ಇರುವ ಒಂದು ಹತ್ಯಾರ ಕೈಗೆ ಸಿಕ್ಕಿತು. ಅದರ ಹೆಸರು ಸ್ಪೋಕ್‌ಶೇವ್. ಒಂದು ಮರದ ತುಂಡಿಗೆ ಬಿಲ್ಲಿನ ತರ ಬಾಗು ಕೊಡೋಣ ಅಂತ ಜೋರಾಗಿ ದೂಡಿದೆ. ಅರ್ಧ ದಾರಿ ಚೆನ್ನಾಗಿ ಹೋಯಿತು, ಆಮೇಲೆ ಬ್ಲೇಡು ಮರದೊಳಗೆ ಕಚ್ಚಿಕೊಂಡು ಚಕ್ಕೆ ಕಿತ್ತು ಬಂತು. ತಪ್ಪು ಹತ್ಯಾರದ್ದಲ್ಲ, ನನ್ನದು. ಬಾಗಿನ ತಗ್ಗು ದಾಟಿದ ಮೇಲೆ ದಿಕ್ಕು ಬದಲಿಸಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ.

ರಂದಾ ಎಲ್ಲರಿಗೂ ಗೊತ್ತು. ಅದರ ತಳ ಉದ್ದ, ಹಾಗಾಗಿ ಅದು ನೇರ ಮೇಲ್ಮೈಗೇ ಸರಿ. ಸ್ಪೋಕ್‌ಶೇವ್ ಅಂದರೆ ತಳವನ್ನು ಒಂದು ಬೆರಳಿನಷ್ಟಕ್ಕೆ ಇಳಿಸಿದ ರಂದಾ. ತಳ ಗಿಡ್ಡ ಆದ್ದರಿಂದ ಅದು ಬಾಗಿನ ಜೊತೆ ತಾನೂ ಏರಿ ಇಳಿಯುತ್ತದೆ. ಉಬ್ಬಿದ ಬಾಗಿಗೆ ಚಪ್ಪಟೆ ತಳದ್ದು, ತಗ್ಗಾದ ಬಾಗಿಗೆ ದುಂಡು ತಳದ್ದು. ಹೆಸರು ಬಂದಿದ್ದು ಗಾಲಿಯಿಂದ. ಚಕ್ಕಡಿ ಗಾಲಿಯ ಅರೆಕಾಲುಗಳನ್ನು ಹೆರೆದು ದುಂಡು ಮಾಡೋದು ಅದರ ಮೂಲ ಕೆಲಸ. ಕುರ್ಚಿಯ ಕಾಲು, ತೋಳು, ಬೆನ್ನಿನ ಪಟ್ಟಿ, ಕೊಡಲಿಯ ಕಾವು ಎಲ್ಲ ಆಮೇಲೆ ಬಂದವು. ನಮ್ಮ ಕಡೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಬಡಿಗೇರರು ಇದೇ ಕೆಲಸವನ್ನು ಬಾಚಿ, ಉಳಿ, ಅರಗಳಲ್ಲೇ ಮಾಡುತ್ತ ಬಂದವರು. ಹತ್ಯಾರ ಬೇರೆ, ಆದರೆ ಮರದ ಎಳೆ ನೋಡಿ ಕೈ ತಿರುಗಿಸುವ ವಿದ್ಯೆ ಒಂದೇ.

ಈ ಬಾಗಿನ ವಿದ್ಯೆ ಹಳ್ಳಿಯ ಬಡಿಗನ ಕೈಯಿಂದ ಹೊರಟು ಕಾರ್ಖಾನೆಗೆ ಹೋದ ಒಂದು ಕತೆ ನಮ್ಮ ಜಿಲ್ಲೆಯಲ್ಲೇ ನಡೆದಿದೆ. ಕಿರ್ಲೋಸ್ಕರ್ ಅನ್ನುವ ಹೆಸರು ನಮ್ಮ ಹೊಲದ ಪಂಪಿನ ಮೇಲೆ ಇದ್ದೇ ಇದೆ. ಆದರೆ ಆ ಹೆಸರಿನ ಮನುಷ್ಯ ಬೆಳಗಾವಿ ಜಿಲ್ಲೆಯವರು, ಮೊದಲು ಚಿತ್ರಕಾರ ಆಗಲು ಹೊರಟವರು, ಅದರಲ್ಲಿ ಸೋತವರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಗುರ್ಲಹೊಸೂರಿನಿಂದ ಮುಂಬಯಿಗೆ

ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರರೂ ಇದೇ ಊರಿನವರು. ತಂದೆ ವೇದಾಂತ ಓದಿಕೊಂಡವರು. ಮಗನಿಗೆ ಮಾತ್ರ ಪುಸ್ತಕದ ಓದು ಹಿಡಿಸಲಿಲ್ಲ. ಗೆರೆ ಎಳೆಯೋದು, ಯಂತ್ರ ಬಿಚ್ಚಿ ನೋಡೋದು ಅಂದರೆ ಜೀವ.

ಅಣ್ಣ ರಾಮಚಂದ್ರ, ಮನೆಯವರ ಬಾಯಲ್ಲಿ ರಾಮುಅಣ್ಣ, ತಮ್ಮನ ಬೆನ್ನಿಗೆ ನಿಂತರು. 1885ರಲ್ಲಿ ಲಕ್ಷ್ಮಣ ಮುಂಬಯಿಯ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಸೇರಿದರು. ಅಲ್ಲಿ ಒಂದು ಪೆಟ್ಟು ಕಾದಿತ್ತು. ಕಣ್ಣಿಗೆ ಕೆಲವು ಬಣ್ಣಗಳ ಭೇದ ತಿಳಿಯುವುದಿಲ್ಲ ಅಂತ ಗೊತ್ತಾಯಿತು. ಚಿತ್ರಕಾರ ಆಗಬೇಕು ಅಂದವನಿಗೆ ಇದಕ್ಕಿಂತ ದೊಡ್ಡ ಹೊಡೆತ ಏನಿದೆ? ಅಂವ ಊರಿಗೆ ವಾಪಸ್ ಬರಲಿಲ್ಲ. ಬಣ್ಣ ಬೇಡ, ಗೆರೆ ಸಾಕು ಅಂತ ಮೆಕ್ಯಾನಿಕಲ್ ಡ್ರಾಯಿಂಗ್ ಕಡೆ ತಿರುಗಿದ.

ಡ್ರಾಯಿಂಗ್ ಕಲಿತ ಮೇಲೆ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಈಗ ನಾವು ವಿಜೆಟಿಐ ಅಂತೀವಲ್ಲ, ಅದೇ. ಡ್ರಾಯಿಂಗ್ ಕಲಿಸೋದು ಸಂಬಳದ ಕೆಲಸ. ಬಿಡುವಿನಲ್ಲಿ ಅವರು ಅಲ್ಲಿನ ವರ್ಕ್‌ಶಾಪಿಗೆ ಹೋಗಿ ಯಂತ್ರಗಳ ಮುಂದೆ ನಿಂತು ಕೈ ಕೊಳೆ ಮಾಡಿಕೊಂಡು ಕಲಿತರು. ಇಂಜಿನಿಯರಿಂಗ್ ಡಿಗ್ರಿ ಅವರ ಹತ್ತಿರ ಕೊನೆಯವರೆಗೂ ಇರಲಿಲ್ಲ. ಕಾಗದದ ಮೇಲೆ ಎಳೆದ ಗೆರೆ ಮತ್ತು ಕೈಯಲ್ಲಿ ಹಿಡಿದ ವಸ್ತು, ಇವೆರಡರ ನಡುವಿನ ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವರ ಬಂಡವಾಳ.

ಬಡ್ತಿಯ ಸರದಿ ಬಂದಾಗ ಅದು ಇವರಿಗೆ ಸಿಗದೆ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋಯಿತು. 1897ರಲ್ಲಿ ಕೆಲಸ ಬಿಟ್ಟು ಬೆಳಗಾವಿಗೆ ಬಂದರು.

ಎರಡು ತರದ ಗಾಲಿ

ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಸೈಕಲ್ ವ್ಯಾಪಾರ ಇತ್ತು. ಕಿರ್ಲೋಸ್ಕರ್ ಮನೆತನದ ಉದ್ಯಮ ತನ್ನ ವಯಸ್ಸನ್ನು 1888ರಿಂದ ಎಣಿಸೋದು ಈ ಸೈಕಲ್ ವ್ಯಾಪಾರ ಹಿಡಿದೇ. ಸೈಕಲ್ ಆಗ ಸಾಹೇಬರ, ಶ್ರೀಮಂತರ ವಸ್ತು. ಮಾರೋದರ ಜೊತೆ ಓಡಿಸೋದನ್ನೂ ದುಡ್ಡು ತಗೊಂಡು ಕಲಿಸುತ್ತಿದ್ದರು.

ಇಲ್ಲಿ ಒಂದು ಗಮನಿಸಿ. ಆಗಿನ ಬೆಳಗಾವಿಯ ರಸ್ತೆಯಲ್ಲಿ ಎರಡು ತರದ ಗಾಲಿ ಉರುಳುತ್ತಿದ್ದವು. ಒಂದು ಚಕ್ಕಡಿಯದು, ಇನ್ನೊಂದು ಸೈಕಲ್‌ದು. ಎರಡಕ್ಕೂ ಅರೆಕಾಲು ಇದೆ, ಆದರೆ ಕೆಲಸ ಪೂರಾ ಉಲ್ಟಾ. ಚಕ್ಕಡಿಯ ಭಾರ ಗುಂಬದ ಕೆಳಗಿನ ಅರೆಕಾಲಿನ ಮೇಲೆ ನಿಲ್ಲುತ್ತದೆ, ಅದು ಕಂಪ್ರೆಷನ್. ಹಾಗಾಗಿ ಅದು ದಪ್ಪ ಇರಬೇಕು, ಗಟ್ಟಿ ಜಾಲಿ ಮರದ್ದಾಗಿರಬೇಕು. ಸೈಕಲ್ ಗಾಲಿಯಲ್ಲಿ ತಂತಿಯಂಥ ಅರೆಕಾಲುಗಳನ್ನು ಮೊದಲೇ ಎಳೆದು ಬಿಗಿದಿರುತ್ತಾರೆ, ಅದು ಟೆನ್ಷನ್. ಒಂದನ್ನು ಬಡಿಗ ಹೆರೆದು ಮಾಡುತ್ತಾನೆ. ಇನ್ನೊಂದನ್ನು ಕಾರ್ಖಾನೆ ಸಾವಿರಗಟ್ಟಲೆ ಒಂದೇ ಅಳತೆಯಲ್ಲಿ ಎಳೆದು ಕಳಿಸುತ್ತದೆ, ಒಂದು ಮುರಿದರೆ ಅದರ ಜಾಗಕ್ಕೆ ಇನ್ನೊಂದು ಹಾಕಿದರೆ ಆಯಿತು. ಸೈಕಲ್ ಅಂಗಡಿಯವನಿಗೆ ಈ ಎರಡನೆಯ ಪಾಠ ದಿನಾ ಕಣ್ಣಿಗೆ ಬೀಳುತ್ತದೆ. ಅದೇ ಪಾಠವನ್ನು ರೈತನ ಹತ್ಯಾರಕ್ಕೆ ಹಚ್ಚಿದರೆ ಹೇಗೆ? ಲಕ್ಷ್ಮಣರಾಯರು ಮುಂದೆ ಮಾಡಿದ ಕೆಲಸದ ಸಾರ ಇದೇ.

ಸೈಕಲ್ ಜೊತೆ ಸಣ್ಣ ವರ್ಕ್‌ಶಾಪ್ ಹಾಕಿ ಮೇವು ಕತ್ತರಿಸುವ ಯಂತ್ರ ಮಾಡಿದರು. ಆಮೇಲೆ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು. 1903ರಲ್ಲಿ ಕಿರ್ಲೋಸ್ಕರ್ ನೇಗಿಲು ಹೊರಬಂತು.

ಕಬ್ಬಿಣಕ್ಕೂ ಮೊದಲು ಮರ

ನಮ್ಮ ಹಳೆಯ ಮರದ ನೇಗಿಲು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಬಾಗಿದ ಜಾಲಿ ಕೊಂಬೆ ಹುಡುಕಿ, ಬಾಚಿಯಲ್ಲಿ ಕೆತ್ತಿ, ಮೂತಿಗೆ ಕಬ್ಬಿಣದ ಕುಳ ಕೂಡಿಸಿ, ಈಸು, ಮೇಳಿ ಜೋಡಿಸಿದರೆ ಮುಗಿಯಿತು. ಮಣ್ಣು ಮಗುಚಬೇಕಾದರೆ ಕುಳದ ಹಿಂದೆ ತಿರುಚಿದ ಒಂದು ಹಲಗೆ ಬೇಕು. ಕುಳ ಮಣ್ಣಿನ ಹೆಂಟೆಯನ್ನು ಕತ್ತರಿಸುತ್ತದೆ, ಹಲಗೆ ಅದನ್ನು ಎತ್ತಿ, ಪಕ್ಕಕ್ಕೆ ಒರಗಿಸಿ, ಬೋರಲು ಹಾಕುತ್ತದೆ. ಕೆಳಗಿನ ತುದಿಯಲ್ಲಿ ಮಲಗಿದಂತಿರುವ ಮೇಲ್ಮೈ ಮೇಲಿನ ತುದಿಗೆ ಬರುವಷ್ಟರಲ್ಲಿ ನೆಟ್ಟಗಾಗಿ ಆಚೆ ವಾಲಿರುತ್ತದೆ. ಈ ತಿರುಚಿನಲ್ಲಿ ಎಲ್ಲೋ ಒಂದು ಕಡೆ ಉಬ್ಬು ಉಳಿದರೂ ಮಣ್ಣು ಅಲ್ಲೇ ಮೆತ್ತಿಕೊಳ್ಳುತ್ತದೆ, ಎತ್ತಿಗೆ ಭಾರ ಆಗುತ್ತದೆ. ಕೃಷ್ಣಾ ದಂಡೆಯ ಎರಿ ಭೂಮಿಯಲ್ಲಿ ಹಸಿ ಇದ್ದಾಗ ನಡೆದವರಿಗೆ ಮಣ್ಣು ಹೇಗೆ ಅಂಟುತ್ತದೆ ಅಂತ ಹೇಳಬೇಕಾಗಿಲ್ಲ.

ಈ ಬಾಗು ದೊಡ್ಡ ದೊಡ್ಡವರ ತಲೆ ತಿಂದಿದೆ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ 1788ರಲ್ಲಿ ಫ್ರಾನ್ಸಿನಲ್ಲಿ ತಿರುಗಾಡುವಾಗ ರೈತರ ನೇಗಿಲು ನೋಡಿ, ಅತಿ ಕಡಿಮೆ ತಡೆಯ ಹಲಗೆ ಹೇಗಿರಬೇಕು ಅಂತ ಲೆಕ್ಕ ಹಾಕಲು ಕೂತವನು. ಅವನ ವಿಧಾನದ ಸೊಗಸು ಏನು ಅಂದರೆ, ಗರಗಸ ಮತ್ತು ಬಾಚಿ ಇದ್ದ ಯಾವ ಬಡಿಗ ಬೇಕಾದರೂ ಒಂದು ದಿಮ್ಮಿಯಿಂದ ಅದೇ ಬಾಗನ್ನು ತೆಗೆಯಬಹುದಿತ್ತು.

ಆದರೆ ಕಬ್ಬಿಣದ ನೇಗಿಲಿಗೆ ಮರ ಯಾಕೆ? ಫೌಂಡ್ರಿ ಲ್ಯಾಬ್ ಮಾಡಿದವರಿಗೆ ಗೊತ್ತು. ಎರಕ ಹೊಯ್ಯಬೇಕಾದರೆ ಮರಳಿನ ಅಚ್ಚು ಬೇಕು, ಅಚ್ಚು ಆಗಬೇಕಾದರೆ ಒಳಗೆ ಇಟ್ಟು ತೆಗೆಯಲು ಪ್ಯಾಟರ್ನ್ ಬೇಕು, ಪ್ಯಾಟರ್ನ್ ಆ ಕಾಲಕ್ಕೆ ಅಂದರೆ ಮರವೇ. ತಗಡನ್ನು ಒತ್ತಿ ಬಾಗಿಸಬೇಕಾದರೂ ಒತ್ತುವ ಡೈಯನ್ನು ಎರಕ ಹೊಯ್ಯಲು ಮರದ ಮಾದರಿ ಬೇಕೇ ಬೇಕು. ಅಂದರೆ ಕಬ್ಬಿಣದ ಪ್ರತಿ ಬಾಗಿನ ಹಿಂದೆ ಯಾರೋ ಒಬ್ಬರು ಕೈಯಲ್ಲಿ ಹೆರೆದ ಮರದ ಬಾಗು ಇತ್ತು.

ಪ್ಯಾಟರ್ನ್ ಮಾಡುವವನು ಕುರ್ಚಿ ಮಾಡುವವನ ಅಣ್ಣ ಅನ್ನಬಹುದು. ಹತ್ಯಾರ ಅವೇ, ಗರಗಸ, ಗೋಲು ಉಳಿ, ರಂದಾ, ಸ್ಪೋಕ್‌ಶೇವ್. ಕೆಲಸದ ಕ್ರಮವೂ ಅದೇ. ಮೊದಲು ತಗಡಿನಲ್ಲೋ ತೆಳು ಹಲಗೆಯಲ್ಲೋ ಬಾಗಿನ ಅಳತೆಪಟ್ಟಿ ಕತ್ತರಿಸಿಕೊಳ್ಳಬೇಕು. ಗೆರೆಯ ಹತ್ತಿರದವರೆಗೆ ಗರಗಸ, ಉಳಿ. ಆಮೇಲೆ ಎರಡೂ ಹೆಬ್ಬೆರಳನ್ನು ಬ್ಲೇಡಿನ ಹಿಂದೆ ಒತ್ತಿ, ಉಬ್ಬಿನಿಂದ ತಗ್ಗಿನ ಕಡೆಗೆ ತೆಳುವಾಗಿ ಹೆರೆಯಬೇಕು. ತಗ್ಗಿನ ತಳ ಬಂದೊಡನೆ ನಿಲ್ಲಿಸಿ, ಆಚೆ ತುದಿಯಿಂದ ಮತ್ತೆ ತಗ್ಗಿಗೆ ಬರಬೇಕು. ಯಾವಾಗಲೂ ಇಳಿಜಾರಿನಲ್ಲೇ, ಏರು ಹತ್ತಬಾರದು. ಹತ್ತಿದರೆ ಎಳೆಗಳ ಬಾಯಿ ಎದುರಾಗುತ್ತದೆ, ನನಗಾದಂತೆ ಚಕ್ಕೆ ಏಳುತ್ತದೆ. ನಡುನಡುವೆ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ಎಲ್ಲಿ ಸಂದು ಕಾಣುತ್ತದೆ ನೋಡಬೇಕು. ಕಡೆಗೆ ಕಣ್ಣು ಮುಚ್ಚಿ ಅಂಗೈ ಎಳೆದು ನೋಡಬೇಕು. ಕಣ್ಣಿಗೆ ಸಿಗದ ಉಬ್ಬು ಅಂಗೈಗೆ ಸಿಗುತ್ತದೆ.

ಪ್ಯಾಟರ್ನ್‌ಗೆ ಇನ್ನೂ ಮೂರು ಕಟ್ಟಳೆ ಇವೆ. ಒಂದು, ಎರಕ ಆರುವಾಗ ಕುಗ್ಗುತ್ತದೆ. ಬೀಡಿಗೆ ಮೀಟರಿಗೆ ಸುಮಾರು 10 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ ಅಡಿಗೆ ಒಂದು ಇಂಚಿನ ಎಂಟನೇ ಒಂದು ಪಾಲು. ಅಷ್ಟು ದೊಡ್ಡದಾಗಿ ಮರ ಕೆತ್ತಬೇಕು. ಅದಕ್ಕಾಗಿ ಪ್ಯಾಟರ್ನ್‌ನವರ ಸ್ಕೇಲೇ ಬೇರೆ, ಅದರ ಒಂದು ಅಡಿ ಮಾಮೂಲಿ ಅಡಿಗಿಂತ ಅಷ್ಟು ಉದ್ದ ಇರುತ್ತದೆ. ಎರಡು, ಮರಳು ಕುಸಿಯದಂತೆ ಪ್ಯಾಟರ್ನ್ ಮೇಲೆ ಬರಬೇಕಾದರೆ ನಿಂತ ಬದಿಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಕೊಡಬೇಕು. ಮೂರು, ಒಳಮೂಲೆಗಳನ್ನು ದುಂಡು ಮಾಡಬೇಕು, ಇಲ್ಲದಿದ್ದರೆ ಎರಕ ಆರುವಾಗ ಅಲ್ಲಿಂದಲೇ ಬಿರುಕು ಬಿಡುತ್ತದೆ. ತಿರುಚಿದ ಹಲಗೆಗೆ ಈ ಮೂರನ್ನೂ ಒಟ್ಟಿಗೆ ಹೊಂದಿಸೋದು ತಮಾಷೆಯಲ್ಲ. ಡ್ರಾಯಿಂಗ್ ಮಾತ್ರ ಗೊತ್ತಿದ್ದವನಿಗೂ ಇದು ಸಿಗದು, ಬಾಚಿ ಮಾತ್ರ ಗೊತ್ತಿದ್ದವನಿಗೂ ಸಿಗದು. ಡ್ರಾಯಿಂಗ್ ಮೇಷ್ಟರಾಗಿದ್ದು ಬಿಡುವಿನಲ್ಲಿ ವರ್ಕ್‌ಶಾಪ್ ಸೇರಿದವರೊಬ್ಬರು ನೇಗಿಲಿಗೆ ಕೈ ಹಾಕಿದ್ದು ಅದಕ್ಕೇ ಸುಮ್ಮನೆ ಅಲ್ಲ.

ನಲವತ್ತು ನೇಗಿಲು, ಎರಡು ವರ್ಷ

ನೇಗಿಲು ತಯಾರಾಯಿತು. ತಗೊಳ್ಳುವವರು? ಮೊದಲ ಕಂತಿನ 40 ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ನಂಬಿದ್ದರು.

ನಗಬೇಡಿ. ಇದಕ್ಕೆ ನೂರು ವರ್ಷ ಮೊದಲು, 1797ರಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಬೀಡಿನ ನೇಗಿಲಿಗೆ ಪೇಟೆಂಟ್ ತಗೊಂಡಾಗ ಅಲ್ಲಿನ ರೈತರೂ ಇದನ್ನೇ ಅಂದಿದ್ದರು, ಕಬ್ಬಿಣದಿಂದ ಮಣ್ಣು ಕೆಡುತ್ತದೆ, ಕಳೆ ಹೆಚ್ಚುತ್ತದೆ ಅಂತ. ರೈತನ ಹೆದರಿಕೆಯ ಹಿಂದೆ ಲೆಕ್ಕವೂ ಇರುತ್ತದೆ. ಮರದ ನೇಗಿಲು ಮುರಿದರೆ ಊರ ಬಡಿಗೇರ ಮನೆ ಬಾಗಿಲಲ್ಲೇ ಇದ್ದಾನೆ. ಅವನಿಗೆ ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆ ನೋಡಿಕೊಳ್ಳುತ್ತಾನೆ. ಕಬ್ಬಿಣದ್ದು ಮುರಿದರೆ ಯಾರ ಹತ್ತಿರ ಹೋಗೋದು? ರೊಕ್ಕ ಎಲ್ಲಿಂದ ತರೋದು? ಭಾರ ಜಾಸ್ತಿ, ಎತ್ತಿನ ಜೋಡಿಯೂ ಜಾಸ್ತಿ ಬೇಕು.

ಆದರೆ ಎರಿ ಭೂಮಿಯಲ್ಲಿ ಆಳಕ್ಕೆ ಇಳಿದ ಕರಕಿಯ ಬೇರು ಮರದ ನೇಗಿಲಿಗೆ ಬಗ್ಗುವುದಿಲ್ಲ. ಮಣ್ಣು ಮಗುಚಿ ಬೇರು ಬಿಸಿಲಿಗೆ ಬಿದ್ದರೆ ಮಾತ್ರ ಅದು ಸಾಯುತ್ತದೆ. ಆಳ ಉಳುಮೆಯ ಗುಣ ಕಂಡವರು ನಿಧಾನಕ್ಕೆ ಬಂದರು.

ಕುಂಡಲ್ ರೋಡ್

ನೇಗಿಲಿಗೆ ಗಿರಾಕಿ ಬರುತ್ತಿರುವ ಹೊತ್ತಿಗೇ ಕಾಲ ಕೆಳಗಿನ ನೆಲ ಹೋಯಿತು. ಬೆಳಗಾವಿ ಪುರಸಭೆ ಊರು ಬೆಳೆಸುವ ಸಲುವಾಗಿ ವರ್ಕ್‌ಶಾಪಿನ ಜಾಗ ಖಾಲಿ ಮಾಡಲು ಹೇಳಿತು. ನೆಂಟಸ್ತನ, ಗಿರಾಕಿ, ಕೆಲಸಗಾರರು ಎಲ್ಲ ಇಲ್ಲೇ. ಹೋಗೋದೆಲ್ಲಿ?

ಆ ಸಮಯಕ್ಕೆ ಲಕ್ಷ್ಮಣರಾಯರಿಗೆ ಔಂಧ ಸಂಸ್ಥಾನದಲ್ಲಿ ಕಟ್ಟಡದ ಕೆಲಸ ಒಂದಿತ್ತು. ಔಂಧದ ಅರಸ ಬಾಳಾಸಾಹೇಬ್ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರರು. ಸೂರ್ಯನಮಸ್ಕಾರವನ್ನು ಪ್ರಚಾರ ಮಾಡಿದವರು ಅಂತ ಅವರ ಹೆಸರು ಕೇಳಿರುತ್ತೀರಿ. ಅವರು ಬಡ್ಡಿ ಇಲ್ಲದ ಸಾಲ ಕೊಟ್ಟು, ಕುಂಡಲ್ ರೋಡ್ ಅನ್ನುವ ರೈಲ್ವೆ ಸ್ಟೇಷನ್ ಪಕ್ಕ 32 ಎಕರೆ ಬಂಜರು ಭೂಮಿ ಕೊಟ್ಟರು. ಪಾಪಾಸುಕಳ್ಳಿ, ಹಾವು ಬಿಟ್ಟರೆ ಅಲ್ಲಿ ಬೇರೇನಿಲ್ಲ. 1910ರ ಮಾರ್ಚ್‌ನಲ್ಲಿ 25 ಕೆಲಸಗಾರರು ಮತ್ತು ಅವರ ಸಂಸಾರಗಳ ಜೊತೆ ಊರು ಶುರುವಾಯಿತು. ಅದೇ ಕಿರ್ಲೋಸ್ಕರ್‌ವಾಡಿ.

ಬೆಳಗಾವಿಯಿಂದ ಆ ಕಡೆಗೆ ಹೋಗುವ ಹಳಿ ನಮ್ಮ ಊರುಗಳ ನಡುವೆಯೇ ಹಾದಿದೆ. ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಕೃಷ್ಣೆಯ ಸೇತುವೆ ದಾಟಿದರೆ ಉಗಾರ, ಶೇಡಬಾಳ, ಆಮೇಲೆ ಮೀರಜ್, ಸಾಂಗಲಿ. ಉಗಾರ, ಶೇಡಬಾಳ ಈಗ ಕಾಗವಾಡ ತಾಲೂಕಿನಲ್ಲಿವೆ. ಅಥಣಿಗೂ ನಿಪ್ಪಾಣಿಗೂ ರೈಲು ಇವತ್ತಿಗೂ ಇಲ್ಲ. ಅಂದಿನ ಕಬ್ಬಿಣದ ಸಾಮಾನು ಸ್ಟೇಷನ್‌ನಲ್ಲಿ ಇಳಿದು ಅಲ್ಲಿಗೆ ಹೋಗಬೇಕಾದರೆ ಬಡಿಗೇರರು ಮಾಡಿದ ಚಕ್ಕಡಿಯೇ ಗತಿ.

ಕಿರ್ಲೋಸ್ಕರ್‌ವಾಡಿಯಲ್ಲಿ ಲಕ್ಷ್ಮಣರಾಯರು ಯಂತ್ರದಷ್ಟೇ ಜನರ ಬಗ್ಗೆಯೂ ತಲೆ ಕೆಡಿಸಿಕೊಂಡರು. ಅಸ್ಪೃಶ್ಯತೆಗೆ ಊರಿನಲ್ಲಿ ಜಾಗ ಕೊಡಲಿಲ್ಲ. ಶಿಕ್ಷೆ ಅನುಭವಿಸಿ ಬಂದ ದರೋಡೆಕೋರರನ್ನೇ ರಾತ್ರಿ ಕಾವಲಿಗೆ ಇಟ್ಟುಕೊಂಡರು. ಮೊದಲ ಮಹಾಯುದ್ಧದಲ್ಲಿ ವಿಲಾಯತಿ ನೇಗಿಲು ಬರೋದು ನಿಂತಾಗ ಇವರ ನೇಗಿಲಿಗೆ ಬೇಡಿಕೆ ಏರಿತು, ಆದರೆ ಕಬ್ಬಿಣ, ಕಲ್ಲಿದ್ದಲು ಎರಡಕ್ಕೂ ಬರ ಬಂತು. ಅದನ್ನೂ ದಾಟಿ 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಆಯಿತು. ಮುಂದೆ ಪಂಪು, ಇಂಜಿನ್ನು ಬಂದವು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇಥ್ ಮಾಡಿತು. ಹಳೆಯ ವರ್ಕ್‌ಶಾಪುಗಳಲ್ಲಿ ಆ ಲೇಥ್ ಈಗಲೂ ತಿರುಗುತ್ತಿದೆ. ಲಕ್ಷ್ಮಣರಾಯರು ತೀರಿಕೊಂಡಿದ್ದು 1956ರ ಸೆಪ್ಟೆಂಬರ್ 26ರಂದು, ಪುಣೆಯಲ್ಲಿ, 87ನೇ ವಯಸ್ಸಿಗೆ. 1969ರಲ್ಲಿ ಹುಟ್ಟಿ ನೂರು ವರ್ಷವಾದಾಗ ಅಂಚೆ ಚೀಟಿ ಬಂತು.

ಗೆದ್ದದ್ದು, ಬಿಟ್ಟದ್ದು

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಗೆದ್ದವರ ಕತೆ ಆಗುತ್ತದೆ. ಇನ್ನೊಂದು ಮಗ್ಗಲು ಇದೆ. ಮರದ ನೇಗಿಲು ಇರುವಾಗ ಬಾಗು ಪ್ರತಿ ಊರಿನಲ್ಲಿ ಹುಟ್ಟುತ್ತಿತ್ತು. ಆ ಊರಿನ ಮಣ್ಣು, ಆ ರೈತನ ಎತ್ತಿನ ಎತ್ತರ, ಅವನ ಕೈಯ ಅಳತೆ ನೋಡಿ ಬಡಿಗೇರ ಕೆತ್ತುತ್ತಿದ್ದ. ಕಬ್ಬಿಣದ ನೇಗಿಲು ಬಂದ ಮೇಲೆ ಬಾಗು ಹುಟ್ಟೋದು ಒಂದೇ ಜಾಗದಲ್ಲಿ, ಒಂದೇ ಸಲ, ಪ್ಯಾಟರ್ನ್ ಶಾಪಿನಲ್ಲಿ. ಉಳಿದದ್ದೆಲ್ಲ ಅದರ ನಕಲು. ರೈತನಿಗೆ ಆಳದ ಉಳುಮೆ ಸಿಕ್ಕಿತು, ಕರಕಿ ಹೋಯಿತು. ಬಡಿಗೇರನ ಕೈಯಿಂದ ಒಂದು ಕೆಲಸ ಹೋಯಿತು, ಅದರ ಹಿಂದೆ ಆಯದ ಕಾಳೂ ಕರಗಿತು. ಟ್ರ್ಯಾಕ್ಟರ್ ಮತ್ತು ಟೈರಿನ ಗಾಡಿ ಉಳಿದದ್ದನ್ನೂ ಮುಗಿಸಿದವು.

ಇದಕ್ಕೆ ಲಕ್ಷ್ಮಣರಾಯರನ್ನು ದೂರೋದು ನನ್ನ ಉದ್ದೇಶ ಅಲ್ಲ. ಅವರು ಕೈಯನ್ನು ತೆಗೆದು ಹಾಕಲಿಲ್ಲ, ಅದನ್ನು ಸಾವಿರ ನೇಗಿಲಿನ ಆರಂಭಕ್ಕೆ ತಂದು ನಿಲ್ಲಿಸಿದರು. ಕೈ ಇಲ್ಲದೆ ಆ ಮೊದಲ ಬಾಗು ಬರುತ್ತಲೇ ಇರಲಿಲ್ಲ. ಈಗ ನಾವು ಆ ಮೊದಲ ಬಾಗನ್ನೂ ಕಂಪ್ಯೂಟರ್‌ಗೆ ಕೊಟ್ಟಿದ್ದೇವೆ. ಕ್ಯಾಡ್‌ನಲ್ಲಿ ಸರ್ಫೇಸ್ ಎಳೆದರೆ ಸಿಎನ್‌ಸಿ ಕೆತ್ತಿಕೊಡುತ್ತದೆ. ಅನುಕೂಲವೇ. ಆದರೆ ಪರದೆಯ ಮೇಲೆ ನುಣ್ಣಗೆ ಕಾಣುವ ಬಾಗಿನಲ್ಲಿ ಮಣ್ಣು ಎಲ್ಲಿ ಮೆತ್ತುತ್ತದೆ, ಎರಕ ಎಲ್ಲಿ ಬಿರುಕು ಬಿಡುತ್ತದೆ, ಪ್ಯಾಟರ್ನ್ ಮರಳಿನಿಂದ ಯಾವ ಕಡೆ ಎದ್ದು ಬರುತ್ತದೆ ಅನ್ನೋದನ್ನು ಊಹಿಸಲು ಒಂದು ಸಲವಾದರೂ ಕೈಯಲ್ಲಿ ಹೆರೆದ ಅನುಭವ ಬೇಕು. ನಮ್ಮ ಸಿಲಬಸ್‌ನಲ್ಲಿ ಕಾರ್ಪೆಂಟ್ರಿಗೆ ಸಿಗೋದು ಬೆರಳೆಣಿಕೆಯ ಮಧ್ಯಾಹ್ನಗಳು. ಅದನ್ನು ರೆಕಾರ್ಡ್ ಬುಕ್ ತುಂಬಿಸಲು ಮಾತ್ರ ಬಳಸಿದರೆ ನಷ್ಟ ನಮಗೇ.

ಆ ಚಕ್ಕೆ ಎದ್ದ ಮರದ ತುಂಡನ್ನು ನಾನು ಮತ್ತೊಂದು ದಿನ ಹೋಗಿ ಸರಿ ಮಾಡಿದೆ. ಬ್ಲೇಡು ಮಸೆದು, ಒಳಕ್ಕೆ ಎಳೆದು, ಎರಡೂ ತುದಿಯಿಂದ ತಗ್ಗಿನ ಕಡೆಗೆ ಹೆರೆದೆ. ಚಕ್ಕೆ ಬದಲು ಸುರುಳಿ ಬಂತು. ಅಂಗೈ ಎಳೆದರೆ ಎಲ್ಲೂ ತಡೆಯಲಿಲ್ಲ. ಮಾರ್ಕ್ಸ್ ಏನೂ ಸಿಗಲಿಲ್ಲ ಬಿಡಿ.

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಹೊಲದ ಮನೆಯ ಹಿಂದೆ ಹಳೆಯ ಕಬ್ಬಿಣದ ನೇಗಿಲು ಬಿದ್ದಿದ್ದರೆ ತುಕ್ಕು ಒರೆಸಿ ಆ ಹಲಗೆಯ ಮೇಲೆ ಅಂಗೈ ಎಳೆದು ನೋಡಿ. ಊರಲ್ಲಿ ವಯಸ್ಸಾದ ಬಡಿಗೇರ ಅಜ್ಜ ಇದ್ದರೆ ಅವರನ್ನೂ ಕರೆದು ತೋರಿಸಿ, ಇದರ ಮರದ ಮಾದರಿ ಹೇಗೆ ಕೆತ್ತುತ್ತಿದ್ದಿರಿ ಅಜ್ಜಾರ ಅಂತ ಕೇಳಿ. ಉತ್ತರ ಬರೆದಿಟ್ಟುಕೊಳ್ಳಿ. ಅದು ಯಾವ ಟೆಕ್ಸ್ಟ್‌ಬುಕ್‌ನಲ್ಲೂ ಸಿಗುವುದಿಲ್ಲ.